ವಿಲನ್ನನ ಹುಟ್ಟೂರು

ಹೆಣ್ಣು ನೋಡಲು ಹೋದವರು ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದು, "ಎಲ್ಲಾ ಕೂಡಿ ಬಂದಿತ್ತು ಕಣ್ರೀ, ಆ ಹುಡುಗಿಯ ಸೋದರಮಾವ ವಿಲನ್ ಆಗಿಬಿಟ್ಟ" ಎಂದರೆ ಕೇಳಿದವರಿಗೆ ಹೆಚ್ಚಿನ ವಿವರ ಬೇಕಾಗುವುದಿಲ್ಲ. ಸೋದರಮಾವ ಜಾತಕದಲ್ಲಿ ಕುಜನನ್ನು ಹುಡುಕಿದನೋ, ಹುಡುಗನ ಸಂಬಳದ ಚೀಟಿ ಕೇಳಿದನೋ, ಅದು ಆಮೇಲಿನ ಮಾತು. ಕ್ರಿಕೆಟ್ ಪಂದ್ಯ ನಿಂತರೆ ಪತ್ರಿಕೆಗಳಿಗೆ ಮಳೆ ವಿಲನ್. ಡಾಕ್ಟರುಗಳಿಗೆ ಹಿಂದೆ ಎಣ್ಣೆ ವಿಲನ್ ಆಗಿತ್ತು, ಈಗ ಸಕ್ಕರೆ. ಕಾಲೇಜು ಹುಡುಗನಿಗೆ ಅಪ್ಪ, ಆ ಅಪ್ಪನಿಗೆ ಮಗನ ಮೊಬೈಲು. ಅತ್ತೆಯಂದಿರಂತೂ ಯಾರೂ ಹೆಸರಿಡುವ ಮೊದಲೇ ತಾವಾಗಿ ಆ ಪಟ್ಟ ಏರಿ, "ನಾನೇ ನಿಮಗೆಲ್ಲ ವಿಲನ್ನು, ಗೊತ್ತು ನನಗೆ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ.

ಒಂದು ವಿಚಿತ್ರ ಗಮನಿಸಿ. ಇದೇ ಸೋದರಮಾವನನ್ನು ನೀಚ ಎಂದೋ ಪಾಪಿ ಎಂದೋ ಕರೆದರೆ ಆ ಮನೆಯ ಜೊತೆ ನಂಟು ಅಲ್ಲಿಗೆ ಮುಗಿಯಿತು. ಮತ್ತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವಂತಿಲ್ಲ. ವಿಲನ್ ಎಂದರೆ ಅಷ್ಟು ದೂರ ಹೋಗುವುದಿಲ್ಲ. ಮುಂದಿನ ಮದುವೆಗೆ ಅವನನ್ನೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸಬಹುದು. ಪಾಪಿ ಎನ್ನುವುದು ತೀರ್ಪು, ವಿಲನ್ ಎನ್ನುವುದು ಪಾತ್ರ. ನಮಗೆ ಈ ಮಾತು ಬಂದದ್ದು ಧರ್ಮಗ್ರಂಥದಿಂದಲ್ಲ, ಟೆಂಟ್ ಸಿನಿಮಾದ ಪೋಸ್ಟರಿನಿಂದ. ಹೀರೋ, ಹೀರೋಯಿನ್, ಕಾಮಿಡಿಯನ್ ಜೊತೆ ಒಂದೇ ಜಟಕಾ ಹತ್ತಿ ಬಂದದ್ದು. ಹಾಗಾಗಿ ಅದಕ್ಕೆ ನಮ್ಮಲ್ಲಿ ಹಿಂದಿನ ಚರಿತ್ರೆಯೇ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಏಳೆಂಟು ನೂರು ವರ್ಷಗಳ ಚರಿತ್ರೆ ಇದೆ, ಮತ್ತು ಅದು ಮರ್ಯಾದಸ್ಥರು ಹೇಳಿಕೊಳ್ಳುವಂಥ ಚರಿತ್ರೆಯಲ್ಲ.

ವಿಲನ್ ಹುಟ್ಟಿದ್ದು ಹೊಲದಲ್ಲಿ. ಲ್ಯಾಟಿನ್ನಿನಲ್ಲಿ ವಿಲ್ಲಾ ಎಂದರೆ ಊರಾಚೆಯ ಜಮೀನುಮನೆ: ಒಡೆಯನ ಕಟ್ಟಡ, ಸುತ್ತ ಗದ್ದೆ, ಕೊಟ್ಟಿಗೆ, ಕಣಜ, ದ್ರಾಕ್ಷಿತೋಟ. ವಿಲೇಜ್ ಎಂಬುದೂ ಅದರ ಕುಡಿಯೇ. ಭಾಷಾಶಾಸ್ತ್ರಜ್ಞರು ಇನ್ನೂ ಆಳಕ್ಕೆ ಅಗೆದು, ಸಂಸ್ಕೃತದ ವಿಶ್, ವೇಶ್ಮ, ವೈಶ್ಯ ಇವೂ ಅದೇ ಬೇರಿನವು ಎನ್ನುತ್ತಾರೆ. ನೆಲೆ, ಮನೆ, ಅಲ್ಲಿ ನೆಲೆ ನಿಂತ ಜನ ಎಂಬುದು ಆ ಬೇರಿನ ಅರ್ಥ. ಮಹಾಭಾರತದಲ್ಲಿ ರಾಜರನ್ನು ಮಾತುಮಾತಿಗೂ ವಿಶಾಂಪತೇ ಎಂದು ಕರೆಯುತ್ತಾರಲ್ಲ, ಆ ವಿಶಾಂಪತಿಗೂ ನಮ್ಮ ವಿಲನ್ನಿಗೂ ದೂರದ ದಾಯಾದಿ ಸಂಬಂಧ ಉಂಟು. ಹುಟ್ಟಿದ ಮನೆ ಒಂದೇ, ಒಬ್ಬ ಚಾವಡಿಯಲ್ಲಿ ಕೂತ, ಇನ್ನೊಬ್ಬ ಕೊಟ್ಟಿಗೆಗೆ ಹೋದ.

ಆ ವಿಲ್ಲಾಕ್ಕೆ ಸೇರಿದ ಆಳು ಮಧ್ಯಯುಗದ ಲ್ಯಾಟಿನ್ನಿನಲ್ಲಿ ವಿಲ್ಲಾನುಸ್. ಫ್ರೆಂಚರ ಬಾಯಲ್ಲಿ ಅದು ವಿಲೇನ್ ಆಯಿತು, ನಾರ್ಮನ್ನರ ಜೊತೆ ಕಡಲು ದಾಟಿ ಇಂಗ್ಲೆಂಡಿಗೆ ಬಂತು. ವಿಲಿಯಂ ದೊರೆ ತಾನು ಗೆದ್ದ ದೇಶದಲ್ಲಿ ಏನೇನಿದೆ ಎಂದು 1086ರಲ್ಲಿ ಬರೆಸಿದ ಡೂಮ್ಸ್‌ಡೇ ಪುಸ್ತಕದಲ್ಲಿ, ಎಣಿಸಿದ ತಲೆಗಳಲ್ಲಿ ನೂರಕ್ಕೆ ಸುಮಾರು 40 ಪಾಲು ಈ ವಿಲ್ಲಾನುಸ್‌ಗಳದೇ. ಅಂದರೆ ಆ ದೇಶದಲ್ಲಿ ನೂರಕ್ಕೆ ನಲವತ್ತು ಮಂದಿ ವಿಲನ್‌ಗಳು! ಯಾರೂ ಯಾರನ್ನೂ ಕೊಂದವರಲ್ಲ, ನಾಯಕಿಯನ್ನು ಹೊತ್ತೊಯ್ದವರಲ್ಲ. ಒಬ್ಬೊಬ್ಬನಿಗೆ ಸಾಮಾನ್ಯವಾಗಿ ಮೂವತ್ತು ಎಕರೆಯಷ್ಟು ಜಮೀನು, ಎಂಟು ಎತ್ತಿನ ನೇಗಿಲಿನಲ್ಲಿ ಒಂದೆರಡು ಎತ್ತಿನ ಪಾಲು.

ಮುಂದಿನ ಶತಮಾನಗಳಲ್ಲಿ ಕಾನೂನು ಅವರ ಕೊರಳಿನ ಹಗ್ಗ ಬಿಗಿ ಮಾಡಿತು. ವಾರದಲ್ಲಿ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಕೂಲಿಯಿಲ್ಲದ ದುಡಿಮೆ. ಸುಗ್ಗಿಯಲ್ಲಿ ಅದರ ಮೇಲೆ ಇನ್ನಷ್ಟು. ತನ್ನ ಪೈರು ಒಣಗಿ ಉದುರುತ್ತಿದ್ದರೂ ಒಡೆಯನ ಪೈರು ಮೊದಲು ಕಣಕ್ಕೆ ಬೀಳಬೇಕು. ಮಗಳ ಮದುವೆ ಮಾಡಬೇಕಾದರೆ ಒಡೆಯನಿಗೆ ತೆರಿಗೆ. ಮನೆ ಯಜಮಾನ ಸತ್ತರೆ ಕೊಟ್ಟಿಗೆಯ ಅತ್ಯುತ್ತಮ ದನ ಒಡೆಯನ ಪಾಲು, ಅದರ ನಂತರದ್ದು ಬಹಳ ಕಡೆ ಪಾದ್ರಿಯ ಪಾಲು. ಊರು ಬಿಟ್ಟು ಹೋಗುವಂತಿಲ್ಲ. ಓಡಿಹೋಗಿ ಯಾವುದಾದರೂ ಪಟ್ಟಣದಲ್ಲಿ ಒಂದು ವರ್ಷ ಒಂದು ದಿನ ಸಿಕ್ಕಿಬೀಳದೆ ಉಳಿದರೆ ಬಿಡುಗಡೆ. ಒಂದು ವರ್ಷ ಸಾಲದೆ ಆ ಒಂದು ದಿನವನ್ನೂ ಸೇರಿಸಿದ ಕಾನೂನು ಪಂಡಿತ ಯಾರೋ, ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಚೆನ್ನಾಗಿ ಬಾಳುತ್ತಿದ್ದ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಬೀಸುಕಲ್ಲಿನ ಕತೆ. ವಿಲನ್ ತನ್ನ ಕಾಳನ್ನು ಒಡೆಯನ ಗಿರಣಿಯಲ್ಲೇ ಬೀಸಿಸಬೇಕು, ಬೀಸಿದ್ದಕ್ಕೆ ಸುಂಕ ಕೊಡಬೇಕು. ಮನೆಯಲ್ಲಿ ಬೀಸುಕಲ್ಲು ಇಟ್ಟುಕೊಳ್ಳುವುದೇ ಅಪರಾಧ. ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಎಂಬ ಊರಿಗೆ ಅಲ್ಲಿನ ಮಠವೇ ಒಡೆಯ. ಜನ ಗುಟ್ಟಾಗಿ ಮನೆಯಲ್ಲೇ ಬೀಸಿಕೊಳ್ಳುತ್ತಿದ್ದರು. 1330ರ ದಶಕದ ಮೊದಲಲ್ಲಿ ಮಠಾಧಿಪತಿಯಾಗಿದ್ದವನು ವಾಲಿಂಗ್‌ಫರ್ಡಿನ ರಿಚರ್ಡ್. ಖಗೋಳದ ಗಡಿಯಾರ ಕಟ್ಟಿದ ಮಹಾ ಗಣಿತಜ್ಞ, ಕಮ್ಮಾರನ ಮಗ. ಕಮ್ಮಾರನ ಮಗನಿಗಾದರೂ ಬೀಸುಕಲ್ಲಿನ ಬೆಲೆ ತಿಳಿದಿರಬೇಕಿತ್ತು. ತಿಳಿದಿತ್ತು ಎಂದೇ ಕಾಣುತ್ತದೆ. ಅವನು ಊರಿನ ಬೀಸುಕಲ್ಲುಗಳನ್ನೆಲ್ಲ ವಶಪಡಿಸಿಕೊಂಡ. ಒಡೆಸಲಿಲ್ಲ, ಬಾವಿಗೆ ಎಸೆಯಲಿಲ್ಲ. ಮಠದ ನೆಲಕ್ಕೆ ಹಾಸುಗಲ್ಲಾಗಿ ಹಾಕಿಸಿದ. ಊರವರು ಏನಾದರೂ ಅಹವಾಲು ಹಿಡಿದು ಮಠಕ್ಕೆ ಬಂದರೆ ತಮ್ಮ ಅಜ್ಜಿಯರ ಬೀಸುಕಲ್ಲನ್ನು ತುಳಿದುಕೊಂಡೇ ಬರಬೇಕು. ಎಂಥ ಸಿನಿಮಾ ಖಳನಿಗೂ ಹೊಳೆಯದ ಸೂಕ್ಷ್ಮ ಇದು.

ಐವತ್ತು ವರ್ಷ ಕಳೆಯಿತು. 1348ರಲ್ಲಿ ಬಂದ ಪ್ಲೇಗಿನಲ್ಲಿ ದೇಶದ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ ಸತ್ತು, ಉಳಿದ ದುಡಿಯುವ ಕೈಗಳಿಗೆ ಬೆಲೆ ಬಂದಿತ್ತು. ಕೂಲಿ ಏರಬಾರದೆಂದು ಸರಕಾರ 1351ರಲ್ಲಿ ಕಾನೂನು ಮಾಡಿತು. ಮೇಲೆ ತಲೆಗೆ ಹನ್ನೆರಡು ಪೆನ್ನಿಯ ತೆರಿಗೆ. 1381ರ ಬೇಸಿಗೆಯಲ್ಲಿ ರೈತರು ದಂಗೆ ಎದ್ದರು. ವಾಟ್ ಟೈಲರ್ ಮುಂದಾಳು, ಜಾನ್ ಬಾಲ್ ಎಂಬ ಅಲೆಮಾರಿ ಪಾದ್ರಿ ಅವರ ಬೋಧಕ. ಹೋದಲ್ಲೆಲ್ಲ ಒಡೆಯರ ದಫ್ತರ ಹುಡುಕಿ ಸುಟ್ಟರು. ಯಾರು ಯಾರ ಆಳು, ಯಾವ ಮನೆತನ ವಿಲನ್ ಮನೆತನ ಎಂದು ಬರೆದಿಟ್ಟದ್ದು ಆ ಸುರುಳಿಗಳಲ್ಲೇ. ಸೇಂಟ್ ಆಲ್ಬನ್ಸಿನವರು ಇನ್ನೊಂದು ಕೆಲಸವನ್ನೂ ಮಾಡಿದರು. ಮಠಕ್ಕೆ ನುಗ್ಗಿ ಆ ಬೀಸುಕಲ್ಲುಗಳನ್ನು ನೆಲದಿಂದ ಕಿತ್ತರು, ಒಡೆದು ಚೂರು ಮಾಡಿದರು, ಇಗರ್ಜಿಯಲ್ಲಿ ಪ್ರಸಾದದ ರೊಟ್ಟಿ ಹಂಚುವಂತೆ ಒಬ್ಬೊಬ್ಬರಿಗೆ ಒಂದೊಂದು ಚೂರು ಹಂಚಿಕೊಂಡು ಮನೆಗೆ ಒಯ್ದರು.

ದೊರೆ ಎರಡನೆಯ ರಿಚರ್ಡನಿಗೆ ಆಗ ಹದಿನಾಲ್ಕು ವರ್ಷ. ರೈತರೆದುರು ನಿಂತು ಜೀತ ರದ್ದು ಎಂದು ಮಾತು ಕೊಟ್ಟ, ಪತ್ರಗಳನ್ನೂ ಬರೆಸಿದ. ಮಾರನೆಯ ದಿನ ಸ್ಮಿತ್‌ಫೀಲ್ಡಿನಲ್ಲಿ ವಾಟ್ ಟೈಲರನ ಕೊಲೆಯಾಯಿತು. ದಿನಗಳು ಉರುಳುವುದರೊಳಗೆ ದೊರೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಹಳ್ಳಿಗಾಡಿನ ಆಳುಗಳಾಗಿದ್ದವರು ಆಳುಗಳಾಗಿಯೇ ಇರಬೇಕು, ಅದೂ ಮೊದಲಿಗಿಂತ ಕಡೆಯಾಗಿ ಎಂದನಂತೆ. ಜಾನ್ ಬಾಲನನ್ನು ಕೊಂದದ್ದು ಅದೇ ಸೇಂಟ್ ಆಲ್ಬನ್ಸಿನಲ್ಲಿ, ದೊರೆಯ ಎದುರಿಗೆ. ಇಷ್ಟೆಲ್ಲ ನಮಗೆ ಹೇಳಿದವನು ಯಾರು? ಥಾಮಸ್ ವಾಲ್ಸಿಂಗ್‌ಹ್ಯಾಮ್ ಎಂಬ ಚರಿತ್ರೆಕಾರ, ಅದೇ ಮಠದ ಸನ್ಯಾಸಿ. ಯಾರ ನೆಲ ಕಿತ್ತುಹೋಯಿತೋ ಅವರ ಕೈಯಲ್ಲೇ ಲೇಖನಿ. ಬೀಸುಕಲ್ಲು ಹೊತ್ತುಕೊಂಡು ಹೋದವರಲ್ಲಿ ಒಬ್ಬರೂ ಬರೆದಿಡಲಿಲ್ಲ. ವಾಲ್ಸಿಂಗ್‌ಹ್ಯಾಮ್‌ನ ಬರಹದಲ್ಲಿ ಅವರು ಹೇಗೆ ಕಾಣುತ್ತಾರೆ ಎಂದು ಊಹಿಸಲು ಪಾಂಡಿತ್ಯ ಬೇಡ.

ವಿಲನ್ ಎಂಬ ಮಾತು ಕೆಟ್ಟದ್ದೂ ಹೀಗೆಯೇ. ಹೊಲದಾಳು ಎಂದಿದ್ದದ್ದು ಒರಟ ಎಂದಾಯಿತು, ಒರಟ ನಯವಿಲ್ಲದವನಾದ, ನಯವಿಲ್ಲದವನು ನಂಬಲಾಗದವನಾದ, ನಂಬಲಾಗದವನು ದುಷ್ಟನಾದ. ಅಗ್ಗದ್ದು ಎಂಬ ಅರ್ಥದ ವೈಲ್ ಎಂಬ ಪದ ಉಚ್ಚಾರದಲ್ಲಿ ಹತ್ತಿರವಿದ್ದದ್ದರಿಂದ ಅದರ ಮಸಿಯೂ ತಗುಲಿತು. ಫ್ರೆಂಚಿನಲ್ಲಿ ಪಯಣ ಅಷ್ಟು ದೂರ ಸಾಗಲಿಲ್ಲ. ಅಲ್ಲಿ ವಿಲೇನ್ ಎಂದರೆ ಇಂದಿಗೂ ಕುರೂಪಿ, ಹಟಮಾರಿ. ಹ್ಯಾನ್ಸ್ ಆಂಡರ್ಸನ್ನನ ಕುರೂಪಿ ಬಾತುಮರಿ ಫ್ರಾನ್ಸಿನ ಮಕ್ಕಳಿಗೆ ವಿಲೇನ್ ಬಾತುಮರಿ. ಪಾಪ, ಅದು ಮಾಡಿದ್ದಾದರೂ ಏನು?

ಇಂಗ್ಲಿಷಿನಲ್ಲಿ ಹಳೆಯ ಅರ್ಥ ಮತ್ತು ಹೊಸ ಅರ್ಥ ಎರಡೂ ಒಂದೇ ಮನೆಯಲ್ಲಿ ಬಹಳ ಕಾಲ ಇದ್ದವು. ಷೇಕ್ಸ್‌ಪಿಯರನ 'ಆ್ಯಸ್ ಯೂ ಲೈಕ್ ಇಟ್' ನಾಟಕದ ಮೊದಲ ದೃಶ್ಯದಲ್ಲೇ ಅಣ್ಣ ತಮ್ಮಂದಿರ ಜಗಳ. ಆಸ್ತಿಯೆಲ್ಲ ಅಣ್ಣನ ಕೈಯಲ್ಲಿ, ತಮ್ಮ ಆರ್ಲಾಂಡೋ ಓದಿಲ್ಲದೆ ಆಳಿನ ಹಾಗೆ ಬೆಳೆದಿದ್ದಾನೆ. ತಮ್ಮ ಮೈಮುಟ್ಟಿದಾಗ ಅಣ್ಣ ಅವನನ್ನು ವಿಲನ್ ಎಂದು ಬೈಯುತ್ತಾನೆ. ಅವನ ಬಾಯಲ್ಲಿ ಅದು ದುಷ್ಟ. ತಮ್ಮ ಅದನ್ನು ಕೀಳುಕುಲದವನು ಎಂಬ ಅರ್ಥದಲ್ಲಿ ಹಿಡಿದು, ತಾನು ಇಂಥ ಸರದಾರನ ಮಗ, ಅಂಥ ತಂದೆಗೆ ವಿಲನ್‌ಗಳು ಹುಟ್ಟಿದರು ಎನ್ನುವವನೇ ಮೂರು ಪಟ್ಟು ವಿಲನ್ ಎಂದು ತಿರುಗಿಸಿ ಹೊಡೆಯುತ್ತಾನೆ. ಒಂದೇ ಉಸಿರಿನಲ್ಲಿ ಎರಡೂ ಅರ್ಥ. ಕೇಳುತ್ತಿದ್ದ ಲಂಡನ್ನಿನ ಜನಕ್ಕೆ ಟಿಪ್ಪಣಿ ಬೇಕಿರಲಿಲ್ಲ. ಕತೆಯ ಕೆಟ್ಟ ಪಾತ್ರ ಎಂಬ ಅರ್ಥ, ಅಂದರೆ ನಮಗೆ ಗೊತ್ತಿರುವ ಏಕೈಕ ಅರ್ಥ, ಬರಹದಲ್ಲಿ ಕಾಣಿಸುವುದು 1822ರಷ್ಟು ತಡವಾಗಿ. ಅಷ್ಟರಲ್ಲಿ ನಿಜವಾದ ವಿಲನ್‌ಗಳು ಇಂಗ್ಲೆಂಡಿನಲ್ಲಿ ಉಳಿದಿರಲಿಲ್ಲ. ಆ ಜೀತಪದ್ಧತಿಯನ್ನು ಯಾವ ಕಾನೂನೂ ರದ್ದು ಮಾಡಲಿಲ್ಲ, ಅದು ಸವೆದು ಸವೆದು ಇಲ್ಲವಾಯಿತು. 1772ರಲ್ಲಿ ಜೇಮ್ಸ್ ಸಾಮರ್ಸೆಟ್ ಎಂಬ ಆಫ್ರಿಕಾ ಮೂಲದ ಗುಲಾಮನ ಬಿಡುಗಡೆಗಾಗಿ ವಾದಿಸಿದ ವಕೀಲ ಹಾರ್ಗ್ರೇವ್ ಇದನ್ನೇ ಹಿಡಿದುಕೊಂಡ: ಇಂಗ್ಲಿಷ್ ಕಾನೂನು ಬಲ್ಲ ಜೀತ ಒಂದೇ, ವಿಲನ್‌ಗಳದ್ದು, ಅದು ಸತ್ತುಹೋಗಿದೆ, ಹೊಸದೊಂದಕ್ಕೆ ಇಲ್ಲಿ ಜಾಗವಿಲ್ಲ. ಸಾಮರ್ಸೆಟ್‌ಗೆ ಬಿಡುಗಡೆಯಾಯಿತು. ಸತ್ತ ವಿಲನ್ ಒಬ್ಬನನ್ನು ಕಾಪಾಡಿದ ಪ್ರಸಂಗ ಇದೊಂದೇ ಇರಬೇಕು.

ನಾರ್ನಿಯಾ ಕತೆಗಳ ಸಿ. ಎಸ್. ಲೂಯಿಸ್ ವೃತ್ತಿಯಿಂದ ಸಾಹಿತ್ಯದ ಮೇಷ್ಟರು. 1960ರಲ್ಲಿ ಪದಗಳ ಮೇಲೆ ಅವರು ಬರೆದ ಪುಸ್ತಕದಲ್ಲಿ ಈ ಜಾಡನ್ನು ಹಿಡಿದಿದ್ದಾರೆ: ಅಂತಸ್ತನ್ನು ಹೇಳುವ ಪದಗಳು ಕ್ರಮೇಣ ಗುಣವನ್ನು ಹೇಳತೊಡಗುತ್ತವೆ. ನೋಬಲ್ ಎಂದರೆ ಮೊದಲು ದೊಡ್ಡ ಮನೆತನ, ಆಮೇಲೆ ದೊಡ್ಡ ಗುಣ. ಬೂರ್ ಎಂದರೆ ರೈತ, ಆಮೇಲೆ ಒರಟ. ನೇವ್ ಎಂದರೆ ಕೆಲಸದ ಹುಡುಗ, ಆಮೇಲೆ ಮೋಸಗಾರ. ಪೇಗನ್ ಹಳ್ಳಿಯವನು. ಒಂದು ಭಾಷೆಯ ಬೈಗುಳಗಳ ಪಟ್ಟಿಯನ್ನು ತಿರುಗಿಸಿ ಹಿಡಿದರೆ ಆ ಊರಿನ ಕೂಲಿಕಾರರ ಹಾಜರಿಪುಸ್ತಕ ಸಿಗುತ್ತದೆ.

ನಾವೇನು ಕಡಿಮೆಯೇ? ನಗರದವನು ನಾಗರಿಕ, ಗ್ರಾಮದವನದ್ದು ಗ್ರಾಮ್ಯ, ಅದು ಆಲಂಕಾರಿಕರ ಪ್ರಕಾರ ಕಾವ್ಯದ ಒಂದು ದೋಷ. ಗ್ರಾಮವೇ ಸವೆದು ಗಮಾರ ಎಂಬ ಬೈಗುಳವಾಗಿ ಉತ್ತರದಿಂದ ನಮ್ಮ ಬಾಯಿಗೂ ಬಂತು. ಒಂದು ಜಾತಿಯ ಹೆಸರಾದ ಚಂಡಾಲ ಎಂಬುದನ್ನು ಬೈಗುಳವಾಗಿ ಬಳಸುವವರು ಇವತ್ತಿಗೂ ಇದ್ದಾರೆ, ಅದೂ ತಾವು ಏನನ್ನುತ್ತಿದ್ದೇವೆ ಎಂದು ಗೊತ್ತಿದ್ದೇ. ಆದರೆ ಇವೆಲ್ಲಕ್ಕಿಂತ ಸಾಧುವಾಗಿ ಕಾಣುವ ಒಂದು ಪದ ನನ್ನನ್ನು ಹೆಚ್ಚು ಕಾಡುತ್ತದೆ: ಬಿಟ್ಟಿ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಅರ್ಥ ಕೂಲಿಯಿಲ್ಲದ ಬಲವಂತದ ದುಡಿಮೆ. ನಮ್ಮ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿ ಅದೂ ಬರುತ್ತದೆ. ಇವತ್ತು ಬಿಟ್ಟಿ ಎಂದರೆ ಪುಕ್ಕಟೆ. ಯಾರಿಗೆ ಪುಕ್ಕಟೆ? ದುಡಿದವನಿಗಲ್ಲ, ದುಡಿಸಿಕೊಂಡವನಿಗೆ. ಪದದ ಅರ್ಥ ಬದಲಾಗಲೇ ಇಲ್ಲ ಎನ್ನಬೇಕು, ನಾವು ಅದನ್ನು ಒಡೆಯನ ಜಗಲಿಯ ಮೇಲೆ ಕೂತು ನೋಡುತ್ತಿದ್ದೇವೆ ಅಷ್ಟೆ. ಬಿಟ್ಟಿ ದುಡಿದವರ ಮೊಮ್ಮಕ್ಕಳಿಗೆ ಸರಕಾರ ಅಕ್ಕಿ ಕೊಟ್ಟರೆ ಅದನ್ನು ಬಿಟ್ಟಿ ಭಾಗ್ಯ ಎಂದು ಮೂದಲಿಸುವವರಿಗೆ ಈ ಚರಿತ್ರೆ ತಿಳಿದಿರುವುದಿಲ್ಲ.

ವಿಲನ್ ಎಂಬುದಕ್ಕೆ ನಾವು ಪುಸ್ತಕದ ಕನ್ನಡದಲ್ಲಿ ಬಳಸುವ ಖಳ ಎಂಬ ಪದದ್ದೂ ಒಂದು ತಮಾಷೆ ಇದೆ. ಸಂಸ್ಕೃತ ನಿಘಂಟು ತೆರೆದರೆ ಖಲ ಎಂದರೆ ದುಷ್ಟ, ಖಲ ಎಂದರೆ ಎಣ್ಣೆ ಹಿಂಡಿದ ಮೇಲೆ ಉಳಿಯುವ ಚರಟ, ಖಲ ಎಂದರೆ ರಾಗಿ ತುಳಿಸುವ ಕಣವೂ ಹೌದು. ಇವು ಒಡಹುಟ್ಟಿದವು ಎಂದು ನಾನು ವಾದಿಸಲು ಹೊರಟಿಲ್ಲ. ಆದರೂ ಇಂಗ್ಲೆಂಡಿನಿಂದ ಹೊರಟ ವಿಲನ್ ನಮ್ಮ ನಿಘಂಟಿನಲ್ಲಿ ಇಳಿದಾಗ ಅವನ ಪಕ್ಕದಲ್ಲೇ ಒಂದು ಕಣ ಸಿಕ್ಕಿತಲ್ಲ, ಅವನಿಗೂ ಊರು ತಲುಪಿದ ಹಾಗಾಗಿರಬೇಕು.

ಇನ್ನು ನಮ್ಮ ಸಿನಿಮಾ. ವಜ್ರಮುನಿ ಪುಟ್ಟಣ್ಣ ಕಣಗಾಲರ 'ಮಲ್ಲಮ್ಮನ ಪವಾಡ'ದಲ್ಲಿ 1969ರಲ್ಲಿ ಬಂದರು. ಆಮೇಲೆ ಸುಮಾರು ಎರಡು ದಶಕ ಕನ್ನಡಿಗರಿಗೆ ವಿಲನ್ ಎಂದರೆ ಆ ಕಣ್ಣು, ಆ ಗಂಟಲು. ಅವರು ತೆರೆಗೆ ಬಂದೊಡನೆ ಟೆಂಟಿನ ಹೆಂಗಸರ ಕಡೆಯಿಂದ ಶಾಪಗಳು ಏಳುತ್ತಿದ್ದವು. ಕನ್ನಡದ ಕೆಲವು ಅಪರೂಪದ ಬೈಗುಳಗಳನ್ನು ನಾನು ಕಲಿತದ್ದು ಅಲ್ಲಿಯೇ. ಈಗ ಯೋಚಿಸಿದರೆ, ಅವರು ಆಡುತ್ತಿದ್ದ ಪಾತ್ರಗಳ ಕಸುಬು ಏನಾಗಿತ್ತು? ಸಾಹುಕಾರ, ಜಮೀನುದಾರ, ಊರಗೌಡ, ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವ. ಎತ್ತರದ ಮೆಟ್ಟಿಲಿನ ಬಂಗಲೆಯಿಂದ ಇಳಿದು ಬರುವವ. ಹೀರೋ ಯಾರು? ಹೊಲ ಉಳುವವ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ರಾಜ್‌ಕುಮಾರ್ ಎಮ್ಮೆಯ ಬೆನ್ನೇರಿ ಹಾಡುತ್ತ ಬರುತ್ತಾರೆ. ಯಾವ ಫ್ರೆಂಚ್ ಸರದಾರನಿಗೆ ತೋರಿಸಿದರೂ ಆ ಎಮ್ಮೆಯ ಮೇಲಿರುವವನೇ ವಿಲೇನ್ ಎಂದು ಬೆರಳು ಮಾಡುತ್ತಿದ್ದ. ನಾವು ಶಿಳ್ಳೆ ಹೊಡೆದೆವು. ಅದೇ 1974ರಲ್ಲಿ ದೇವರಾಜ ಅರಸರು ಭೂಸುಧಾರಣಾ ಕಾಯಿದೆಗೆ ಹಲ್ಲು ಕೊಟ್ಟು ಗೇಣಿದಾರರ ಕೈಗೆ ಜಮೀನು ಬರುವಂತೆ ಮಾಡಿದ್ದು. ಉಳುವವನೇ ಹೊಲದೊಡೆಯ ಎಂದು ಹೊರಗೆ ಗೋಡೆಯ ಮೇಲೆ, ಒಳಗೆ ಪರದೆಯ ಮೇಲೆ. ಇಂಗ್ಲಿಷ್ ಪದಕ್ಕೆ ಮೂಲದಲ್ಲಿ ಏನು ಅರ್ಥ ಎಂದು ಆ ಕಾಲದ ಚಿತ್ರಕತೆ ಬರೆದವರು ನಿಘಂಟು ನೋಡಿರಲಿಕ್ಕಿಲ್ಲ. ನೋಡದೆಯೇ ಅವರು ಆ ಪದವನ್ನು ಹಿಡಿದು ತಲೆಕೆಳಗು ಮಾಡಿದ್ದರು; ಆಳಿಗೆ ಅಂಟಿಸಿದ್ದ ಹೆಸರನ್ನು ಕಿತ್ತು ಒಡೆಯನ ಹಣೆಗೆ ಅಂಟಿಸಿದ್ದರು. ಸೇಂಟ್ ಆಲ್ಬನ್ಸಿನ ಮಠಾಧಿಪತಿಯ ಪಾತ್ರಕ್ಕೆ ವಜ್ರಮುನಿಯವರಿಗಿಂತ ತಕ್ಕ ನಟ ನನಗಂತೂ ಹೊಳೆಯುವುದಿಲ್ಲ. ಬೀಸುಕಲ್ಲು ಹಾಸಿದ ನೆಲದ ಮೇಲೆ ನಿಂತು ಅವರು ಹುಬ್ಬು ಏರಿಸಿದ್ದರೆ ಸಾಕಿತ್ತು, ಮಾತು ಬೇಕಾಗುತ್ತಿರಲಿಲ್ಲ.

ಈಚೆಗೆ ಹೀರೋಗಳೇ ಕತ್ತಿ ಹಿಡಿದು ವಿಲನ್ನನ ಕೆಲಸವನ್ನೂ ಮಾಡಿಬಿಡುವುದರಿಂದ ಆ ಹುದ್ದೆಯೇ ಖಾಲಿ ಬಿದ್ದಿದೆ. ಆದರೆ ಅದರ ಹಿರಿಯಜ್ಜ, ಆ ವಿಲ್ಲಾ, ಬೆಂಗಳೂರಿಗೆ ಬಂದು ಸುಖವಾಗಿದ್ದಾನೆ. ದೇವನಹಳ್ಳಿ ಕಡೆ, ಸರ್ಜಾಪುರದ ಕಡೆ ಹೋದರೆ ರಸ್ತೆಯುದ್ದಕ್ಕೂ ಅವನದ್ದೇ ಜಾಹೀರಾತು. ನೆಂಟರೊಬ್ಬರು ಅಂಥದ್ದೊಂದು ಕೊಂಡು ಗೃಹಪ್ರವೇಶಕ್ಕೆ ಕರೆದಿದ್ದರು. ಗೇಟಿನಲ್ಲಿ ಕಾವಲಿನವರು ಹೆಸರು ಬರೆಸಿಕೊಂಡು, ಯಾವ ವಿಲ್ಲಾ ಎಂದು ಕೇಳಿದರು. ನಂಬರು ಹುಡುಕುವ ನಡುವೆ ಮಾತಿಗೆ ಸಿಕ್ಕರು. ಇಲ್ಲೇ ಪಕ್ಕದ ಹಳ್ಳಿಯವರಂತೆ. ಈಗ ಈಜುಕೊಳ ಇರುವಲ್ಲಿ ತಮ್ಮ ಚಿಕ್ಕಪ್ಪನ ರಾಗಿ ಹೊಲವಿತ್ತು ಎಂದು, ಯಾವುದೋ ದೂರದ ಊರಿನ ಸುದ್ದಿಯ ಹಾಗೆ ಹೇಳಿದರು. ಅವರ ಮೇಜಿನ ಮೇಲೆ ಪ್ರತಿ ವಿಲ್ಲಾಕ್ಕೂ ಒಂದು ಪುಟ: ಅಡುಗೆಯವರು, ತೋಟದವರು, ಡ್ರೈವರು, ಎಲ್ಲರ ಹೆಸರು, ಬಂದ ಹೊತ್ತು, ಹೋದ ಹೊತ್ತು. ಲ್ಯಾಟಿನ್ ಬಲ್ಲವನೊಬ್ಬ ಆ ಪುಸ್ತಕದ ರಟ್ಟಿನ ಮೇಲೆ ಏನು ತಲೆಬರಹ ಕೊಡುತ್ತಿದ್ದ ಎಂದು ಬೇರೆ ಹೇಳಬೇಕಿಲ್ಲ.

ಊಟಕ್ಕೆ ಕೂತಾಗ ನೆಂಟರು ಖುಷಿಯಲ್ಲಿದ್ದರು. "ನೀವು ಡಿಕ್ಷನರಿ ಓದೋರು, ಈ ವಿಲ್ಲಾ ಅನ್ನೋದು ಯಾವ ಭಾಷೆ, ಹೇಳಿ ನೋಡೋಣ" ಎಂದರು. ಲ್ಯಾಟಿನ್ ಎಂದೆ, ಆ ಕಾಲದ ಶ್ರೀಮಂತರು ಊರಾಚೆ ಕಟ್ಟಿಸಿಕೊಳ್ಳುತ್ತಿದ್ದ ಮನೆ, ಸುತ್ತ ದ್ರಾಕ್ಷಿತೋಟ ಇರುತ್ತಿತ್ತು ಎಂದೆ. ಅವರು ಹೆಂಡತಿಯನ್ನು ಕರೆದು ಇದನ್ನು ಇನ್ನೊಮ್ಮೆ ಹೇಳಿಸಿದರು. "ಆಮೇಲೆ?" ಎಂದರು. ರೋಮಿನಿಂದ ಮುಂದಕ್ಕೆ ನಾನು ಹೋಗಲಿಲ್ಲ. ಹೋಳಿಗೆ ಇನ್ನೂ ಅರ್ಧ ಎಲೆಯಲ್ಲೇ ಇತ್ತು, ತುಪ್ಪದವರು ಆಗತಾನೆ ನಮ್ಮ ಸಾಲಿಗೆ ಬಂದಿದ್ದರು.